ನಗರಗಳ ಮೇಲಿನ ಬಾಂಬುದಾಳಿ ಮತ್ತು ಯುದ್ಧನೀತಿ

ಯುದ್ಧಕಾಲದಲ್ಲಿ ಶತ್ರುವಿನ ಸೇನೆಯನ್ನಷ್ಟೇ ಅಲ್ಲದೆ ಆತನ ನಗರಗಳನ್ನೂ ಅಲ್ಲಿ ವಾಸಿಸುವ ನಿರಾಯುಧ ಪ್ರಜೆಗಳನ್ನೂ ಆಕಾಶದಿಂದ ಬಾಂಬು ಕೆಡವಿ ನಾಶಪಡಿಸುವುದು ಧರ್ಮಸಮ್ಮತವೇ ಎಂಬುದು ಇಪ್ಪತ್ತನೆಯ ಶತಮಾನದ ಯುದ್ಧನೀತಿಮೀಮಾಂಸೆಯಲ್ಲಿ ಅತ್ಯಂತ ವಿವಾದಾಸ್ಪದವಾದ ಪ್ರಶ್ನೆಗಳಲ್ಲೊಂದು. ಈ ಪ್ರಶ್ನೆಯ ಇತಿಹಾಸವನ್ನು ಪರಿಶೀಲಿಸಿದಲ್ಲಿ, ಉದ್ದೇಶಿಸಿದ ಗುರಿಯನ್ನು ಹೊಡೆಯಲಾರದ ಆಯುಧವು ತಾನು ಹೊಡೆಯಬಲ್ಲುದನ್ನೇ ಗುರಿಯಾಗಿ ಮಾಡಿಕೊಂಡಿತೆಂದೂ, ಅದಕ್ಕೆ ಬೇಕಾದ ನೈತಿಕ ಸಮರ್ಥನೆಗಳು ಬಹುಮಟ್ಟಿಗೆ ಕೃತ್ಯದ ಬೆನ್ನಹಿಂದೆ ಬಂದುವೆಂದೂ ಕಂಡುಬರುತ್ತದೆ.

ಪ್ರಾಚೀನ ಯುದ್ಧಧರ್ಮ

ಹೋರಾಡುವವನಾರು, ಹೋರಾಡದವನಾರು ಎಂಬ ವಿವೇಚನೆ ಬಹು ಪುರಾತನವಾದುದು. ನಿದ್ರಿಸುತ್ತಿರುವವನನ್ನೂ ಆಯುಧವಿಲ್ಲದವನನ್ನೂ ಯುದ್ಧದಲ್ಲಿ ತೊಡಗದೆ ನೋಡುತ್ತ ನಿಂತವನನ್ನೂ ಕೊಲ್ಲಕೂಡದೆಂದು ಮನುಸ್ಮೃತಿಯ ಏಳನೆಯ ಅಧ್ಯಾಯವು ವಿಧಿಸುತ್ತದೆ. ಸೇನೆಗಳು ಸಮೀಪದಲ್ಲಿಯೇ ಕಾದಾಡುತ್ತಿದ್ದರೂ ಭಾರತದ ರೈತರು ನಿರ್ಭಯರಾಗಿ ಹೊಲ ಉಳುತ್ತಿದ್ದರೆಂದು ಮೆಗಾಸ್ತನೀಸನು ಬರೆದಿರುವನು. ಮಹಾಭಾರತದ ಸೌಪ್ತಿಕಪರ್ವದಲ್ಲಿ ಅಶ್ವತ್ಥಾಮನು ನಡುರಾತ್ರಿಯಲ್ಲಿ ಪಾಂಡವಶಿಬಿರದ ಮೇಲೆ ಎರಗಿದುದು, ಸತ್ತವರು ಯೋಧರೇ ಆಗಿದ್ದರೂ, ಅಧರ್ಮವೆಂದೇ ಪರಿಗಣಿತವಾಗಿದೆ. ಯುರೋಪಿನಲ್ಲಿ ಅಗಸ್ಟೀನ್, ತೋಮಸ್ ಅಕ್ವಿನಾಸ್, ವಿಟೋರಿಯ, ಗ್ರೋಷಿಯಸ್ ಮೊದಲಾದವರು ಇದೇ ವಿವೇಚನೆಯನ್ನು ಶಾಸ್ತ್ರರೂಪಕ್ಕೆ ತಂದರು. ಆದರೆ ಮುತ್ತಿಗೆಯ ಯುದ್ಧ ಎಲ್ಲೆಡೆಯೂ ಇದಕ್ಕೆ ಅಪವಾದವಾಗಿತ್ತು. ಒಂದೇ ಕೋಟೆಯೊಳಗೆ ಸೈನಿಕನೂ ಗೃಹಸ್ಥನೂ ಸೇರಿಕೊಂಡಿದ್ದುದರಿಂದ, ಶರಣಾಗದ ಪಟ್ಟಣವನ್ನು ಹಸಿವಿನಿಂದ ಬಳಲಿಸುವುದೂ ಕಲ್ಲುಗುಂಡುಗಳಿಂದ ಹೊಡೆಯುವುದೂ ವಾಡಿಕೆಯಲ್ಲಿದ್ದುವು. ಆಧುನಿಕ ನಿಯಮಗಳನ್ನು ರಚಿಸಿದವರು ಆಕಾಶದಾಳಿಯನ್ನು ಅಳೆದುದು ಈ ಮುತ್ತಿಗೆಯ ಮಾನದಿಂದಲೇ.

ಆರಂಭಕಾಲ

1849ರಲ್ಲಿ ಆಸ್ಟ್ರಿಯದ ಸೇನೆ ವೆನಿಸ್ ನಗರದ ಮೇಲೆ ಆಳಿಲ್ಲದ ಬಲೂನುಗಳ ಮೂಲಕ ಬಾಂಬು ಬೀಳಿಸಲು ಯತ್ನಿಸಿತಾದರೂ ಅದರಿಂದ ಹೆಚ್ಚಿನ ಹಾನಿಯಾಗಲಿಲ್ಲ. 1899ರ ಹೇಗ್ ಸಮ್ಮೇಳನವು ಬಲೂನುಗಳಿಂದ ಸ್ಫೋಟಕಗಳನ್ನು ಎಸೆಯುವುದನ್ನು ಐದು ವರ್ಷಗಳ ಮಟ್ಟಿಗೆ ನಿಷೇಧಿಸಿತು. 1907ರ ನಿಯಮಾವಳಿಯ 25ನೆಯ ವಿಧಿಯು ರಕ್ಷಣೆಯಿಲ್ಲದ ಊರು, ಹಳ್ಳಿ, ವಸತಿಗಳ ಮೇಲೆ ಯಾವ ಸಾಧನದಿಂದಲೂ ದಾಳಿ ನಡೆಸಕೂಡದೆಂದು ಸಾರಿತು. ಒಂದೆರಡು ಫಿರಂಗಿಗಳಿದ್ದ ಮಾತ್ರಕ್ಕೆ ಮಹಾನಗರವೊಂದು ರಕ್ಷಿತ ನಗರವೆನಿಸಿ ಈ ವಿಧಿಯ ಆಶ್ರಯವನ್ನು ಕಳೆದುಕೊಳ್ಳಬಹುದಾಗಿದ್ದುದು ಅದರ ದೊಡ್ಡ ಲೋಪ.

1911ರ ನವೆಂಬರ್ 1ರಂದು ಇಟಲಿಯ ಗಿಯುಲಿಯೊ ಗವೊಟಿ ಎಂಬ ವೈಮಾನಿಕನು ಟ್ರಿಪೊಲಿಯ ಸಮೀಪದಲ್ಲಿ ತುರ್ಕಿ ಮತ್ತು ಅರಬ್ ಪಡೆಗಳ ಮೇಲೆ ಕೈಯಿಂದಲೇ ಸಣ್ಣ ಬಾಂಬುಗಳನ್ನು ಎಸೆದನು. ವಿಮಾನದಿಂದ ಬಾಂಬು ಬಿದ್ದ ಮೊದಲ ಪ್ರಸಂಗವಿದು. ಒಂದನೆಯ ಮಹಾಯುದ್ಧದಲ್ಲಿ ಜರ್ಮನಿಯ ಜೆಪೆಲಿನ್ ವಾಯುನೌಕೆಗಳು 1915ರಿಂದ ಇಂಗ್ಲೆಂಡಿನ ಪಟ್ಟಣಗಳನ್ನು ಹೊಡೆಯತೊಡಗಿದುವು. 1917ರ ಜೂನ್ 13ರಂದು ಗೋಥಾ ವಿಮಾನಗಳು ಹಗಲಿನಲ್ಲೇ ಲಂಡನ್ನಿನ ಮೇಲೆ ದಾಳಿಯಿಟ್ಟಾಗ ಮಡಿದ 162 ಜನರಲ್ಲಿ ಪಾಪ್ಲರ್ ಬಡಾವಣೆಯ ಶಾಲೆಯೊಂದರ 18 ಮಕ್ಕಳಿದ್ದರು. ಇದರಿಂದ ಉಂಟಾದ ರೋಷವು ಪ್ರತೀಕಾರದ ಕೂಗಿಗೂ, ಮರುವರ್ಷ ಬ್ರಿಟನ್ನಿನಲ್ಲಿ ಸ್ವತಂತ್ರ ವಾಯುಸೇನೆಯ ಸ್ಥಾಪನೆಗೂ ಎಡೆಮಾಡಿಕೊಟ್ಟಿತು.

ಎರಡು ಯುದ್ಧಗಳ ನಡುವೆ

ಕಂದಕಗಳಲ್ಲಿ ವರ್ಷಗಟ್ಟಲೆ ಕೊಳೆತ ಯುದ್ಧವನ್ನು ಕಂಡು ಬೇಸತ್ತವರಿಗೆ ಬಾಂಬುವಿಮಾನವು ಶೀಘ್ರವಿಜಯದ ಸಾಧನವಾಗಿ ತೋರಿದುದು ಆಶ್ಚರ್ಯವಲ್ಲ. ಇಟಲಿಯ ಗಿಯುಲಿಯೊ ದುಎ 1921ರಲ್ಲಿ ಪ್ರಕಟಿಸಿದ ವಾಯುಪ್ರಭುತ್ವವನ್ನು ಕುರಿತ ಗ್ರಂಥದಲ್ಲಿ, ನಗರಗಳನ್ನು ಸ್ಫೋಟಕ, ಬೆಂಕಿ, ವಿಷಾನಿಲಗಳಿಂದ ಪೀಡಿಸಿದರೆ ಜನರೇ ಎದ್ದು ತಮ್ಮ ಸರ್ಕಾರವನ್ನು ಸಂಧಿಗೆ ಒತ್ತಾಯಿಸುವರೆಂದೂ, ಯುದ್ಧವು ಬೇಗ ಮುಗಿಯುವುದರಿಂದ ಒಟ್ಟಿನಲ್ಲಿ ಇದೇ ಹೆಚ್ಚು ದಯಾಮಯವೆಂದೂ ವಾದಿಸಿದನು. 1923ರಲ್ಲಿ ಹೇಗ್ ನಗರದಲ್ಲಿ ನ್ಯಾಯವೇತ್ತರ ಆಯೋಗವೊಂದು ಜನತೆಯನ್ನು ಭೀತಿಗೊಳಿಸುವ ದಾಳಿಯನ್ನು ನಿಷೇಧಿಸಿ, ಸೈನಿಕ ಗುರಿಗಳಿಗೆ ಮಾತ್ರ ಅವಕಾಶವಿತ್ತು ಕರಡು ನಿಯಮಗಳನ್ನು ಸಿದ್ಧಪಡಿಸಿತಾದರೂ ಯಾವ ರಾಷ್ಟ್ರವೂ ಅವನ್ನು ಸ್ಥಿರೀಕರಿಸಲಿಲ್ಲ. ಯುರೋಪಿನ ನಗರಗಳಿಗಾಗಿ ಹೀಗೆ ಚಿಂತಿಸುತ್ತಿದ್ದ ಕಾಲದಲ್ಲಿಯೇ ಬ್ರಿಟಿಷ್ ವಾಯುಸೇನೆ ಇರಾಕಿನ ಹಳ್ಳಿಗಳನ್ನೂ ಭಾರತದ ವಾಯವ್ಯ ಗಡಿಯ ವಜೀರಿಸ್ತಾನವನ್ನೂ ಶಾಂತಿಪಾಲನೆಯ ಹೆಸರಿನಲ್ಲಿ ಬಾಂಬಿನಿಂದ ಅಂಕೆಯಲ್ಲಿಡುತ್ತಿತ್ತು. ಜಿನೀವಾ ನಿಶ್ಶಸ್ತ್ರೀಕರಣ ಸಮ್ಮೇಳನದಲ್ಲಿ ಬಾಂಬುದಾಳಿಯ ಸಂಪೂರ್ಣ ನಿಷೇಧದ ಮಾತು ಬಂದಾಗ ದೂರದ ಗಡಿಪ್ರದೇಶಗಳಲ್ಲಿ ಈ ಪದ್ಧತಿಗೆ ವಿನಾಯಿತಿಯಿರಬೇಕೆಂದು ಬ್ರಿಟನ್ ಹಟಹಿಡಿಯಿತು. ಯಾರ ಮನೆಯ ಮೇಲೆ ಬಾಂಬು ಬೀಳುವುದೆಂಬುದರ ಮೇಲೆ ನೀತಿ ಬೇರೆಯಾಗುತ್ತಿದ್ದುದು ಆಗಲೇ ಸ್ಪಷ್ಟವಾಗಿತ್ತು.

1937ರ ಏಪ್ರಿಲ್ 26ರಂದು, ಸಂತೆಯ ದಿನವಾದ ಸೋಮವಾರ, ಜರ್ಮನ್ ಮತ್ತು ಇಟಾಲಿಯನ್ ವಿಮಾನಗಳು ಸ್ಪೇನಿನ ಬಾಸ್ಕ್ ಪಟ್ಟಣ ಗೆರ್ನಿಕವನ್ನು ಸುಟ್ಟುವು. ಅದೇ ವರ್ಷ ಜಪಾನು ಚೀನದ ಷಾಂಘಾಯ್, ನಾನ್‌ಕಿಂಗ್, ಕ್ಯಾಂಟನ್ ನಗರಗಳ ಮೇಲೆ ಬಾಂಬು ಸುರಿಸಿತು. ಜನತೆಯ ಮೇಲೆ ಉದ್ದೇಶಪೂರ್ವಕವಾಗಿ ನಡೆಸುವ ದಾಳಿ ನ್ಯಾಯಬಾಹಿರವೆಂದು ರಾಷ್ಟ್ರಸಂಘವು 1938ರ ಸೆಪ್ಟೆಂಬರಿನಲ್ಲಿ ನಿರ್ಣಯಿಸಿತು. ಮರುವರ್ಷ ಯುದ್ಧವಾರಂಭವಾದ ದಿನವೇ ಅಮೆರಿಕದ ಅಧ್ಯಕ್ಷ ರೂಸ್ವೆಲ್ಟ್ ಇಂಥ ದಾಳಿಯಲ್ಲಿ ತೊಡಗಬಾರದೆಂದು ಯುದ್ಧನಿರತ ರಾಷ್ಟ್ರಗಳಿಗೆ ಮನವಿಮಾಡಿಕೊಂಡನು.

ಎರಡನೆಯ ಮಹಾಯುದ್ಧ

ವಾರ್ಸಾ, ರಾಟರ್‌ಡ್ಯಾಂ, ಲಂಡನ್, ಕವೆಂಟ್ರಿಗಳ ಮೇಲೆ ಜರ್ಮನಿಯು ನಡೆಸಿದ ದಾಳಿಗಳು ಸಂಯಮದ ಮಾತನ್ನು ಬೇಗನೆ ಅಳಿಸಿಹಾಕಿದುವು. 1940–41ರ ದಾಳಿಯಲ್ಲಿ ಬ್ರಿಟನ್ನಿನಲ್ಲಿ 40,000ಕ್ಕೂ ಹೆಚ್ಚು ನಾಗರಿಕರು ಮಡಿದರು. ಬ್ರಿಟನ್ ತಾನು ಕಾರ್ಖಾನೆ, ಎಣ್ಣೆ ಸಂಗ್ರಹಾಗಾರ, ರೈಲ್ವೆ ಕೇಂದ್ರಗಳನ್ನಷ್ಟೇ ಹೊಡೆಯುತ್ತಿರುವುದಾಗಿ ಹೇಳಿಕೊಳ್ಳುತ್ತಿತ್ತು. 1941ರ ಆಗಸ್ಟಿನಲ್ಲಿ ಸರ್ಕಾರಿ ಅಧಿಕಾರಿಯಾಗಿದ್ದ ಡಿ.ಎಂ. ಬಟ್, ರಾತ್ರಿದಾಳಿಗಳಲ್ಲಿ ವಿಮಾನಗಳಿಂದಲೇ ತೆಗೆದ 600ಕ್ಕೂ ಹೆಚ್ಚು ಛಾಯಾಚಿತ್ರಗಳನ್ನು ಪರಿಶೀಲಿಸಿ, ಗುರಿಯನ್ನು ಹೊಡೆದೆವೆಂದು ವರದಿಮಾಡಿದ ವಿಮಾನಗಳಲ್ಲಿ ಮೂರರಲ್ಲೊಂದು ಮಾತ್ರ ಗುರಿಯ ಐದು ಮೈಲಿಯೊಳಗೆ ಬಂದಿತ್ತೆಂದೂ, ಹೊಗೆ ಕವಿದ ರೂರ್ ಪ್ರದೇಶದಲ್ಲಿ ಹತ್ತರಲ್ಲೊಂದು ಮಾತ್ರ ಹಾಗೆ ಬಂದಿತ್ತೆಂದೂ ತೋರಿಸಿಕೊಟ್ಟನು. ಆಯುಧವು ಕಾರ್ಖಾನೆಯನ್ನು ಮುಟ್ಟಲಾರದು, ಆದರೆ ನಗರವನ್ನು ಮುಟ್ಟಬಲ್ಲುದು ಎಂಬುದು ಇದರ ತಾತ್ಪರ್ಯ. ಈ ಸತ್ಯವನ್ನು ಎದುರಿಸುವುದಕ್ಕೆ ಎರಡು ಮಾರ್ಗಗಳಿದ್ದುವು: ದಾಳಿಯನ್ನು ನಿಲ್ಲಿಸುವುದು, ಇಲ್ಲವೆ ಗುರಿಯನ್ನು ಹಿಗ್ಗಿಸುವುದು. ಭೂಖಂಡದಲ್ಲಿ ಕಾಲೂರಲು ನೆಲೆಯಿಲ್ಲದೆ, ಶತ್ರುವಿಗೆ ಪೆಟ್ಟುಕೊಡಲು ವಿಮಾನವಲ್ಲದೆ ಬೇರೆ ಉಪಾಯ ಕಾಣದಿದ್ದ ಬ್ರಿಟನ್ ಎರಡನೆಯದನ್ನು ಆರಿಸಿಕೊಂಡಿತು.

1942ರ ಫೆಬ್ರುವರಿ 14ರ ಆದೇಶವು ಶತ್ರುಜನತೆಯ, ವಿಶೇಷವಾಗಿ ಕಾರ್ಮಿಕರ, ಮನೋಬಲವನ್ನೇ ಮುಖ್ಯ ಗುರಿಯಾಗಿ ನಿರ್ದೇಶಿಸಿತು. ಗುರಿಬಿಂದುಗಳು ನಿಬಿಡವಾದ ವಸತಿಪ್ರದೇಶಗಳೇ ಹೊರತು ಹಡಗುಕಟ್ಟೆಗಳೋ ವಿಮಾನ ಕಾರ್ಖಾನೆಗಳೋ ಅಲ್ಲವೆಂಬುದು ಎಲ್ಲರಿಗೂ ಮನದಟ್ಟಾಗಿರಲೆಂದು ವಾಯುಸೇನೆಯ ಮುಖ್ಯಸ್ಥ ಚಾರ್ಲ್ಸ್ ಪೋರ್ಟಲ್ ಮರುದಿನವೇ ಟಿಪ್ಪಣಿ ಬರೆದನು. ಅದೇ ತಿಂಗಳು ಬಾಂಬರ್ ದಳದ ನಾಯಕತ್ವವನ್ನು ವಹಿಸಿಕೊಂಡ ಆರ್ಥರ್ ಹ್ಯಾರಿಸ್ ಈ ನೀತಿಯನ್ನು ನಿಷ್ಠೆಯಿಂದ ನಡೆಸಿದನು. ಹಳೆಯ ಮರದ ಕಟ್ಟಡಗಳು ಬೇಗ ಹೊತ್ತಿಕೊಳ್ಳುವುವೆಂಬ ಕಾರಣದಿಂದಲೇ ಮಾರ್ಚ್ ತಿಂಗಳಲ್ಲಿ ಲ್ಯೂಬೆಕ್ ನಗರವನ್ನು ಆರಿಸಲಾಯಿತು. ಮೇ ಕೊನೆಯಲ್ಲಿ ಸಾವಿರ ವಿಮಾನಗಳು ಒಂದೇ ರಾತ್ರಿ ಕಲೋನ್ ನಗರದ ಮೇಲೆ ಹಾರಿದುವು.

ಈ ವಿಧಾನದ ಪೂರ್ಣರೂಪ ಪ್ರಕಟವಾದುದು 1943ರ ಜುಲೈ ಅಂತ್ಯದಲ್ಲಿ, ಹ್ಯಾಂಬರ್ಗ್ ನಗರದಲ್ಲಿ. ಲೋಹದ ತೆಳುಪಟ್ಟಿಗಳನ್ನು ಆಕಾಶದಲ್ಲಿ ಚೆಲ್ಲಿ ಜರ್ಮನ್ ರಾಡಾರುಗಳನ್ನು ಮೊದಲು ಕುರುಡಾಗಿಸಲಾಯಿತು. ಭಾರಿ ಸ್ಫೋಟಕಗಳು ಮಾಡುಗಳನ್ನೂ ಕಿಟಕಿಬಾಗಿಲುಗಳನ್ನೂ ಕಿತ್ತೊಗೆದು ಗಾಳಿಗೆ ದಾರಿಮಾಡಿಕೊಟ್ಟುವು. ತೆರೆದ ಅಟ್ಟಗಳಿಗೆ ಬೆಂಕಿಬಾಂಬುಗಳು ಸುರಿದುವು. ಒಣಹವೆಯ ಜುಲೈ 27ರ ರಾತ್ರಿ ಕಾರ್ಮಿಕರ ವಸತಿಗಳಾದ ಹ್ಯಾಮರ್‌ಬ್ರೂಕ್ ಮೊದಲಾದೆಡೆ ಸಾವಿರಾರು ಬೆಂಕಿಗಳು ಒಂದಾಗಿ, ಸುತ್ತಣ ಗಾಳಿಯನ್ನೆಲ್ಲ ಸೆಳೆದುಕೊಂಡು ಉರಿಯ ಬಿರುಗಾಳಿಯಾಗಿ ಎದ್ದುವು. ಬೀದಿಗೋಡಿದವರ ಕಾಲಿಗೆ ಕರಗಿದ ಡಾಂಬರು ಅಂಟಿಕೊಂಡಿತು. ನೆಲಮಾಳಿಗೆಗಳಲ್ಲಿ ಉಳಿದವರು ವಿಷಾನಿಲದಿಂದಲೂ ಕಾವಿನಿಂದಲೂ ಸತ್ತರು. ಆ ದಾಳಿಗಳಲ್ಲಿ ಒಟ್ಟು ಸುಮಾರು 40,000 ಜನ ಮಡಿದರು.

ತಾನು ನಡೆಸುತ್ತಿರುವುದು ನಗರನಾಶವೇ ಎಂದು ಸರ್ಕಾರ ಬಹಿರಂಗವಾಗಿ ಒಪ್ಪಿಕೊಳ್ಳಬೇಕೆಂದು ಹ್ಯಾರಿಸ್ ಆ ವರ್ಷದ ಅಕ್ಟೋಬರಿನಲ್ಲಿ ಒತ್ತಾಯಿಸಿದನು, ವಾಯುಖಾತೆ ಒಪ್ಪಲಿಲ್ಲ. ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಬಂದಾಗಲೆಲ್ಲ ಸೈನಿಕ ಗುರಿಗಳ ಮಾತೇ ಉತ್ತರವಾಗಿ ಬರುತ್ತಿತ್ತು. ನಿರ್ದಯಿಯೆಂದು ಪ್ರಸಿದ್ಧನಾದವನು ಸತ್ಯವನ್ನು ಹೇಳಲು ಸಿದ್ಧನಿದ್ದುದೂ, ಸಭ್ಯರು ಅದನ್ನು ಮುಚ್ಚಿಡಲು ಬಯಸಿದುದೂ ಈ ಇತಿಹಾಸದ ವೈಚಿತ್ರ್ಯ. ಮುಚ್ಚಿಡಬೇಕೆನಿಸಿದುದೇ ಹಳೆಯ ವಿವೇಚನೆ ಇನ್ನೂ ಸತ್ತಿರಲಿಲ್ಲವೆಂಬುದಕ್ಕೆ ಸಾಕ್ಷಿ.

ಆ ವಿವೇಚನೆಯ ಪರವಾಗಿ ಮಾತನಾಡಿದವರೂ ಉಂಟು. ಚಿಚೆಸ್ಟರಿನ ಬಿಷಪ್ ಜಾರ್ಜ್ ಬೆಲ್ 1944ರ ಫೆಬ್ರುವರಿ 9ರಂದು ಪ್ರಭುಗಳ ಸಭೆಯಲ್ಲಿ, ಯುದ್ಧಸಾಮಗ್ರಿಯ ಕೇಂದ್ರಗಳನ್ನು ಹೊಡೆಯುವುದು ನ್ಯಾಯವೆಂದು ಒಪ್ಪಿಕೊಂಡೇ, ಇಡೀ ನಗರವನ್ನು ಅಳಿಸಿಹಾಕುವುದು ಬೇರೆಯೇ ಕೃತ್ಯವೆಂದು ಪ್ರತಿಪಾದಿಸಿದನು. ನಾಜಿವಿರೋಧಿ ಜರ್ಮನ್ ಕ್ರೈಸ್ತರ ಆಪ್ತಮಿತ್ರನಾಗಿದ್ದ ಈತನನ್ನು ಶತ್ರುಪಕ್ಷಪಾತಿಯೆನ್ನುವುದು ಸುಲಭವಾಗಿರಲಿಲ್ಲ. ಲೇಖಕಿ ವೆರಾ ಬ್ರಿಟನ್ ಇದೇ ವಿಷಯವಾಗಿ ಬರೆದ ಕಿರುಹೊತ್ತಿಗೆ ಅಮೆರಿಕದಲ್ಲಿ ತೀವ್ರ ನಿಂದೆಗೆ ಗುರಿಯಾಯಿತು. ಅಮೆರಿಕದ ಜೆಸ್ಯುಯಿಟ್ ಪಾದ್ರಿ ಜಾನ್ ಫೋರ್ಡ್, ಯುದ್ಧದಲ್ಲಿ ಎಲ್ಲರೂ ಹೋರಾಟಗಾರರೇ ಎಂಬ ವಾದಕ್ಕೆ ಉತ್ತರವಾಗಿ, ಔದ್ಯಮಿಕ ನಗರದಲ್ಲಿ ಕೂಡ ಯುದ್ಧಕ್ಕೆ ಸಂಬಂಧಿಸದ ಕೆಲಸಗಳಲ್ಲಿರುವವರ ಉದ್ದನೆಯ ಪಟ್ಟಿಯನ್ನೇ ಮುಂದಿಟ್ಟನು.

1945ರ ಫೆಬ್ರುವರಿಯಲ್ಲಿ, ಜರ್ಮನಿಯ ಸೋಲು ನಿಶ್ಚಿತವಾಗಿದ್ದಾಗ, ನಿರಾಶ್ರಿತರಿಂದ ತುಂಬಿದ್ದ ಡ್ರೆಸ್ಡೆನ್ ನಗರವನ್ನು ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು ಸುಟ್ಟುವು. ಸುಮಾರು 25,000 ಜನ ಸತ್ತರು. ಭೀತಿಯನ್ನು ಹೆಚ್ಚಿಸುವುದಕ್ಕಾಗಿಯೇ ನೆಪವೊಡ್ಡಿ ನಡೆಸುವ ದಾಳಿಯನ್ನು ಮರುವಿಮರ್ಶಿಸಬೇಕೆಂದು ಪ್ರಧಾನಿ ಚರ್ಚಿಲ್ ಮಾರ್ಚ್ 28ರಂದು ಟಿಪ್ಪಣಿ ಕಳುಹಿಸಿ, ವಾಯುಸೇನೆಯವರು ಆಕ್ಷೇಪಿಸಿದ ಮೇಲೆ ಅದನ್ನು ಹಿಂತೆಗೆದುಕೊಂಡು ಮೃದುವಾಗಿ ಬರೆದನು. ಬಾಂಬರ್ ದಳದ 55,000ಕ್ಕೂ ಹೆಚ್ಚು ವೈಮಾನಿಕರು ಯುದ್ಧದಲ್ಲಿ ಪ್ರಾಣತೆತ್ತಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಆದೇಶವಿತ್ತವರ ಹೊಣೆಯೂ ಪಾಲಿಸಿದವರ ಹೊಣೆಯೂ ಒಂದೇ ಅಲ್ಲ.

ಜಪಾನು ಮತ್ತು ಪರಮಾಣು ಬಾಂಬು

ಹಗಲಿನಲ್ಲಿ ನಿಖರವಾಗಿ ಹೊಡೆಯುವುದೇ ತನ್ನ ನೀತಿಯೆಂದು ಸಾರುತ್ತಿದ್ದ ಅಮೆರಿಕವೂ ಜಪಾನಿನಲ್ಲಿ ಅದೇ ದಾರಿಯನ್ನು ತುಳಿಯಿತು. ಖರಗ್‌ಪುರದ ಸುತ್ತಣ ನೆಲೆಗಳಿಂದ ಚೀನದ ಮೂಲಕ ಹಾರಿ 1944ರ ಜೂನಿನಲ್ಲಿ ಬಿ-29 ವಿಮಾನಗಳು ಯವಾಟದ ಉಕ್ಕಿನ ಕಾರ್ಖಾನೆಯನ್ನು ಹೊಡೆಯಹೊರಟಾಗ ಗುರಿ ತಪ್ಪಿತು; ಆಮೇಲೆ ಮೇರಿಯಾನ ದ್ವೀಪಗಳಿಂದ ಹೊರಟಾಗಲೂ ಮೋಡವೂ ಮೇಲ್ಮಟ್ಟದ ಪ್ರಬಲ ಗಾಳಿಯೂ ಗುರಿಯನ್ನು ತಪ್ಪಿಸಿದುವು. 1945ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡ ಕರ್ಟಿಸ್ ಲಮೇ, ವಿಮಾನಗಳನ್ನು ರಾತ್ರಿವೇಳೆ ಕೆಳಮಟ್ಟದಲ್ಲಿ ಕಳುಹಿಸಿ ಬೆಂಕಿಬಾಂಬು ಸುರಿಸಲು ನಿಶ್ಚಯಿಸಿದನು. ಈ ಬಾಂಬುಗಳನ್ನು ಅಮೆರಿಕದ ಯೂಟಾ ಮರುಭೂಮಿಯಲ್ಲಿ ಜಪಾನೀ ಮನೆಗಳನ್ನು ಚಾಪೆಪೀಠೋಪಕರಣಗಳ ಸಮೇತ ಕಟ್ಟಿ ಸುಟ್ಟು ಪರೀಕ್ಷಿಸಲಾಗಿತ್ತು. ಮಾರ್ಚ್ 9–10ರ ರಾತ್ರಿ ಟೋಕಿಯೊದ ಸುಮಾರು 16 ಚದರ ಮೈಲಿ ಬೂದಿಯಾಗಿ, ಸುಮಾರು ಒಂದು ಲಕ್ಷ ಜನ ಸತ್ತರು. ಆಗಸ್ಟ್ 6 ಮತ್ತು 9ರಂದು ಹಿರೋಷಿಮ, ನಾಗಸಾಕಿಗಳ ಮೇಲೆ ಬಿದ್ದ ಪರಮಾಣು ಬಾಂಬುಗಳು ಹೊಸ ಆಯುಧವಾಗಿದ್ದರೂ, ನಗರವನ್ನೇ ಗುರಿಯಾಗಿಸುವ ನಿರ್ಧಾರ ಅಷ್ಟರಲ್ಲಿ ಹಳತಾಗಿತ್ತು.

ಯುದ್ಧಾನಂತರದ ನ್ಯಾಯವಿಚಾರ

ನ್ಯೂರೆಂಬರ್ಗ್ ವಿಚಾರಣೆಯಲ್ಲಿ ನಗರಗಳ ಮೇಲಿನ ಬಾಂಬುದಾಳಿಗಾಗಿ ಯಾರಿಗೂ ಶಿಕ್ಷೆಯಾಗಲಿಲ್ಲ. ಆ ಅಪರಾಧವನ್ನು ಎತ್ತಿದಲ್ಲಿ ಬೆರಳು ವಿಜೇತರ ಕಡೆಗೂ ತಿರುಗುತ್ತಿತ್ತು. ಟೋಕಿಯೊ ನ್ಯಾಯಮಂಡಲಿಯಲ್ಲಿ ಭಾರತದ ನ್ಯಾಯಾಧೀಶ ರಾಧಾಬಿನೋದ್ ಪಾಲ್ 1948ರ ತನ್ನ ಭಿನ್ನಮತದ ತೀರ್ಪಿನಲ್ಲಿ ಪರಮಾಣು ಬಾಂಬನ್ನು ಬಳಸಿದ ನಿರ್ಧಾರವನ್ನು ಉಲ್ಲೇಖಿಸಿ, ಪೆಸಿಫಿಕ್ ಯುದ್ಧದಲ್ಲಿ ನಾಜಿ ನಾಯಕರ ಆದೇಶಗಳಿಗೆ ಸಮೀಪವಾದುದೇನಾದರೂ ಇದ್ದರೆ ಅದು ಇದೇ ಎಂದು ಸೂಚಿಸಿದುದು ಈ ಮೌನಕ್ಕೆ ಗಮನಾರ್ಹವಾದ ಅಪವಾದ. 1963ರಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯವು ಪರಮಾಣುದಾಳಿಗಳು ಅಂತರರಾಷ್ಟ್ರೀಯ ನ್ಯಾಯಕ್ಕೆ ವಿರುದ್ಧವೆಂದು ಹೇಳಿತಾದರೂ ಸಂತ್ರಸ್ತರಿಗೆ ಪರಿಹಾರ ಕೊಡಿಸಲಾಗದೆಂದು ತೀರ್ಮಾನಿಸಿತು. 1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿಸಿದ ಮೊದಲನೆಯ ಪೂರಕ ಒಡಂಬಡಿಕೆಯು, ಒಂದು ನಗರದಲ್ಲಿ ಪ್ರತ್ಯೇಕವಾಗಿರುವ ಹಲವು ಸೈನಿಕ ಗುರಿಗಳನ್ನು ಒಂದೇ ಗುರಿಯೆಂದು ಭಾವಿಸಿ ನಡೆಸುವ ದಾಳಿಯನ್ನು ಸ್ಪಷ್ಟವಾಗಿ ನಿಷೇಧಿಸಿತು. ಅಮೆರಿಕ ಇದನ್ನು ಸ್ಥಿರೀಕರಿಸಿಲ್ಲ. ಭಾರತವೂ ಇದರಲ್ಲಿ ಪಾಲುಗೊಂಡಿಲ್ಲ.

ಮುಖ್ಯ ವಾದಗಳು

ದಾಳಿಯ ಸಮರ್ಥಕರು ಯುದ್ಧ ಬೇಗ ಮುಗಿದು ಒಟ್ಟು ಸಾವು ಕಡಮೆಯಾಗುವುದೆಂದೂ, ಶತ್ರುವೇ ಮೊದಲು ನಿಯಮ ಮುರಿದನೆಂದೂ, ಸರ್ವವ್ಯಾಪಿ ಯುದ್ಧದಲ್ಲಿ ನಿರಪರಾಧಿಗಳೇ ಇಲ್ಲವೆಂದೂ ವಾದಿಸುತ್ತಾರೆ. ವಿರೋಧಿಗಳು ಅಕ್ವಿನಾಸನಿಂದ ಬಂದ ವಿವೇಚನೆಯನ್ನು ಅವಲಂಬಿಸಿ, ಗುರಿಯ ಪಕ್ಕದಲ್ಲಿದ್ದವನು ಸಾಯುವುದಕ್ಕೂ ಅವನ ಸಾವನ್ನೇ ಸಾಧನವಾಗಿ ಬಳಸುವುದಕ್ಕೂ ಭೇದ ಕಾಣುತ್ತಾರೆ; ಪರಮಾಣು ಬಾಂಬಿನ ಬಳಕೆಗೆ ಆದೇಶವಿತ್ತ ಅಮೆರಿಕದ ಅಧ್ಯಕ್ಷ ಟ್ರೂಮನನಿಗೆ ಆಕ್ಸ್‌ಫರ್ಡ್ ಗೌರವಪದವಿ ನೀಡಿದುದನ್ನು 1956ರಲ್ಲಿ ವಿರೋಧಿಸಿದ ತತ್ತ್ವಜ್ಞೆ ಎಲಿಜಬೆತ್ ಆನ್ಸ್‌ಕೋಂಬ್ ಈ ಪಕ್ಷದ ಪ್ರಬಲ ವಕ್ತಾರೆ. ಚಿಂತಕ ಮೈಕೇಲ್ ವಾಲ್ಟ್ಸರ್ 1977ರಲ್ಲಿ ಮಧ್ಯಮಮಾರ್ಗವೊಂದನ್ನು ಸೂಚಿಸಿ, ನಾಜಿವಿಜಯದ ಪರಮಸಂಕಟ ಎದುರಿಗಿದ್ದಾಗ ಮಾತ್ರ ನಗರದಾಳಿಯನ್ನು ಕ್ಷಮಿಸಬಹುದೆಂದನು. ಆದರೆ ಆ ಸಂಕಟವಿದ್ದ 1940–41ರಲ್ಲಿ ಬ್ರಿಟನ್ನಿಗೆ ಜರ್ಮನ್ ನಗರಗಳನ್ನು ನಾಶಮಾಡುವ ಶಕ್ತಿಯಿರಲಿಲ್ಲ. ಶಕ್ತಿ ಬಂದಾಗ ಸಂಕಟ ಕಳೆದಿತ್ತು. ಯುದ್ಧಾನಂತರ ಅಮೆರಿಕ ನಡೆಸಿದ ಸಮೀಕ್ಷೆಯು ಜರ್ಮನಿಯ ಯುದ್ಧೋತ್ಪಾದನೆ 1944ರ ಮಧ್ಯದವರೆಗೂ ಏರುತ್ತಲೇ ಇತ್ತೆಂದೂ, ಜನ ನಿರಾಶರಾದರೂ ಕೆಲಸ ಬಿಡಲಿಲ್ಲವೆಂದೂ ಕಂಡುಕೊಂಡುದು ದುಎಯ ನಿರೀಕ್ಷೆಯನ್ನು ಬಹುಮಟ್ಟಿಗೆ ಹುಸಿಯಾಗಿಸಿತು.

ಪ್ರಶ್ನೆ ಇಂದಿಗೂ ಮುಗಿದಿಲ್ಲ. ಪರಮಾಣು ರಾಷ್ಟ್ರಗಳ ಪರಸ್ಪರ ಭೀತಿಯು ನಗರಗಳನ್ನು ಒತ್ತೆಯಾಗಿಟ್ಟೇ ನಿಂತಿದೆ; ರಾಷ್ಟ್ರದ ಅಸ್ತಿತ್ವವೇ ಅಪಾಯದಲ್ಲಿರುವ ಆತ್ಮರಕ್ಷಣೆಯ ಪರಮಾವಧಿಯಲ್ಲಿ ಆ ಆಯುಧದ ಬಳಕೆ ನ್ಯಾಯವೋ ಅಲ್ಲವೋ ಎಂದು ನಿರ್ಧರಿಸಲು 1996ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೂ ಅಸಮರ್ಥವಾಯಿತು. ಇನ್ನೊಂದು ಕಡೆ, ಮಾರ್ಗದರ್ಶಿತ ಬಾಂಬುಗಳು ಒಂದು ಕಟ್ಟಡವನ್ನೇ ಆರಿಸಿ ಹೊಡೆಯಬಲ್ಲವಾಗಿ, ಬಟ್ ವರದಿಯ ಕಾಲದ ಅಸಾಮರ್ಥ್ಯದ ನೆಪ ಬಹುಪಾಲು ಇಲ್ಲವಾಗಿದೆ. ಗುರಿ ತಪ್ಪಿತೆಂದು ಹೇಳುವ ಅವಕಾಶ ಕುಗ್ಗಿದಷ್ಟೂ, ಗುರಿಯನ್ನು ಆರಿಸಿದವನ ಹೊಣೆ ಹೆಚ್ಚುತ್ತದೆ.