ಧರಿಸುವ ಸಾಧನಗಳ ಆರೋಗ್ಯ ಸಂಶೋಧನೆ: ಅನುದಾನದ ಅರ್ಜಿಗೆ ಮುನ್ನ

ಹೃದಯ ಬಡಿತ, ನಡಿಗೆ, ನಿದ್ರೆಗಳನ್ನು ಸತತವಾಗಿ ದಾಖಲಿಸುವ ಸ್ಮಾರ್ಟ್‌ವಾಚ್, ಫಿಟ್‌ನೆಸ್ ಬ್ಯಾಂಡ್ ಮೊದಲಾದ ಸಾಧನಗಳು ಇಂದು ವೈದ್ಯಕೀಯ ಸಂಶೋಧನೆಯಲ್ಲೂ ಬಳಕೆಯಲ್ಲಿವೆ. ಇಂತಹ ಅಧ್ಯಯನಕ್ಕೆ ಅನುದಾನ ಕೋರುವ ಅರ್ಜಿಗೆ ಬಲ ಬರುವುದು ಸಾಧನದ ಹೊಸತನದಿಂದಲ್ಲ. ಸ್ಪಷ್ಟವಾದ ಸಂಶೋಧನಾ ಪ್ರಶ್ನೆಯಿಂದ ಮತ್ತು ಕೈಗೆ ಸಿಗದೆ ಹೋಗುವ ಮಾಹಿತಿಯ ಬಗೆಗಿನ ಮುಂದಾಲೋಚನೆಯಿಂದ.

ಪ್ರಶ್ನೆ ಮೊದಲು

ಸಾಧನವನ್ನು ಕೇವಲ ಅಳತೆಗೆ ಬಳಸಲಾಗುವುದೇ ಅಥವಾ ಅದೂ ಚಿಕಿತ್ಸೆಯ ಭಾಗವೇ ಎಂಬುದನ್ನು ಅರ್ಜಿ ಸ್ಪಷ್ಟಪಡಿಸಬೇಕು. ಎರಡನೆಯದಾದರೆ ಹೋಲಿಕೆಗೆ ಮತ್ತೊಂದು ಗುಂಪು ಅನಿವಾರ್ಯ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು 471 ಯುವಜನರ ತೂಕ ಇಳಿಕೆಯ ಕುರಿತು ನಡೆಸಿದ 24 ತಿಂಗಳ ಅಧ್ಯಯನದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಸಾಧನ ಧರಿಸಿದವರ ತೂಕ ಸರಾಸರಿ 3.5 ಕಿಲೋ ಇಳಿದರೆ, ಸಾಧನವಿಲ್ಲದ ಗುಂಪಿನವರ ತೂಕ 5.9 ಕಿಲೋ ಇಳಿದಿತ್ತು. ಹೋಲಿಕೆಯ ಗುಂಪು ಇಲ್ಲದಿದ್ದಲ್ಲಿ ಸಾಧನವೇ ಫಲ ನೀಡಿತೆಂಬ ತಪ್ಪು ತೀರ್ಮಾನಕ್ಕೆ ಎಡೆಯಾಗುತ್ತಿತ್ತು.

ಸಂಖ್ಯೆಯ ಲೆಕ್ಕಾಚಾರ

2019ರಲ್ಲಿ ಪ್ರಕಟವಾದ ಆ್ಯಪಲ್ ಹಾರ್ಟ್ ಸ್ಟಡಿಯಲ್ಲಿ 4,19,297 ಮಂದಿ ಪಾಲ್ಗೊಂಡಿದ್ದರು. ನಾಡಿಬಡಿತ ಅನಿಯಮಿತವಾಗಿದೆ ಎಂಬ ಸೂಚನೆ ದೊರೆತದ್ದು 2,161 ಮಂದಿಗೆ. ಅವರಲ್ಲಿ ಇಸಿಜಿ ಪಟ್ಟಿ ಧರಿಸಿ, ವಿಶ್ಲೇಷಣೆಗೆ ಯೋಗ್ಯ ಮಾಹಿತಿ ಒದಗಿಸಿದವರು 450 ಮಂದಿ ಮಾತ್ರ; ಇವರ ಪೈಕಿ ಶೇ 34ರಷ್ಟು ಮಂದಿಯಲ್ಲಿ ಏಟ್ರಿಯಲ್ ಫೈಬ್ರಿಲೇಶನ್ ಕಂಡುಬಂದಿತು. ಆದ್ದರಿಂದ ಕೊನೆಯ ಹಂತಕ್ಕೆ ಎಷ್ಟು ಮಂದಿ ಬೇಕೆಂಬುದರಿಂದ ಆರಂಭಿಸಿ ಹಿಮ್ಮುಖವಾಗಿ ಲೆಕ್ಕ ಹಾಕುವುದು ಸೂಕ್ತ. ದಿನಕ್ಕೆ ಎಷ್ಟು ಗಂಟೆ ಧರಿಸಿದರೆ ಆ ದಿನದ ಮಾಹಿತಿಯನ್ನು ಪರಿಗಣಿಸಲಾಗುವುದು ಎಂಬುದನ್ನೂ ಮೊದಲೇ ನಿಗದಿಪಡಿಸಬೇಕು.

ನಿಖರತೆ ಮತ್ತು ವೆಚ್ಚ

ಬಹುತೇಕ ಸ್ಮಾರ್ಟ್‌ವಾಚ್‌ಗಳು ಚರ್ಮದ ಮೂಲಕ ಬೆಳಕು ಹಾಯಿಸಿ ನಾಡಿಬಡಿತ ಗುರುತಿಸುತ್ತವೆ. ಬೆಳಕನ್ನೇ ಆಧರಿಸಿದ ಪಲ್ಸ್ ಆಕ್ಸಿಮೀಟರ್‌ಗಳು, ರಕ್ತದಲ್ಲಿ ಆಮ್ಲಜನಕ ಕುಸಿದಿದ್ದರೂ ಅದನ್ನು ತೋರಿಸದೆ ಹೋದ ಪ್ರಮಾಣ ಬಿಳಿಯರಿಗಿಂತ ಕಪ್ಪು ವರ್ಣೀಯ ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚೆಂದು ಅಮೆರಿಕದ 2020ರ ಅಧ್ಯಯನವೊಂದು ತೋರಿಸಿತು. ಭಾರತದಂತಹ ವೈವಿಧ್ಯಮಯ ಚರ್ಮವರ್ಣದ ದೇಶದಲ್ಲಿ ಅಧ್ಯಯನಕ್ಕೊಳಪಡುವ ಸಮುದಾಯದಲ್ಲೇ ಪ್ರಾಯೋಗಿಕ ಪರೀಕ್ಷೆ ನಡೆಸಲು ಅರ್ಜಿಯಲ್ಲಿ ಅವಕಾಶವಿರಬೇಕು.

ವೆಚ್ಚದ ಅಂದಾಜಿನಲ್ಲಿ ಹೆಚ್ಚುವರಿ ಸಾಧನಗಳು, ಮೊಬೈಲ್ ಸಂಪರ್ಕ, ದತ್ತಾಂಶ ಸಂಗ್ರಹ, ಕ್ಷೇತ್ರ ಸಿಬ್ಬಂದಿಯ ವೇತನ ಸೇರಬೇಕು. ಮೂಲ ದತ್ತಾಂಶ ಸಿಗುವುದೇ, ಅಧ್ಯಯನದ ನಡುವೆ ತಂತ್ರಾಂಶ ಬದಲಾದರೆ ಗತಿಯೇನು ಎಂಬ ಬಗ್ಗೆ ತಯಾರಕರಿಂದ ಲಿಖಿತ ಖಾತರಿ ಪಡೆಯುವುದು ಕ್ಷೇಮ.

ಅನುಮತಿ ಮತ್ತು ಹೊಣೆ

ದೇಶದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇಂತಹ ಸಂಶೋಧನೆಗಳಿಗೆ ಅನುದಾನ ನೀಡುತ್ತದೆ. ಮಂಡಳಿಯ 2017ರ ನೈತಿಕ ಮಾರ್ಗಸೂಚಿಯಂತೆ ನೈತಿಕ ಸಮಿತಿಯ ಒಪ್ಪಿಗೆ ಅಗತ್ಯ. ಚಿಕಿತ್ಸಾ ಪ್ರಯೋಗವಾದರೆ ಮೊದಲ ವ್ಯಕ್ತಿಯ ಸೇರ್ಪಡೆಗೂ ಮುನ್ನ ಭಾರತದ ಕ್ಲಿನಿಕಲ್ ಟ್ರಯಲ್ಸ್ ನೋಂದಣಿಯಲ್ಲಿ ದಾಖಲಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೂ ಗಮನದಲ್ಲಿರಿಸಿಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಪಾಲ್ಗೊಂಡವರ ಸುರಕ್ಷತೆ. ಮಧ್ಯರಾತ್ರಿ ಸಾಧನ ಅಪಾಯಕಾರಿ ಅಂಕಿ ದಾಖಲಿಸಿದರೆ ಅದನ್ನು ಗಮನಿಸುವವರು ಯಾರು, ಎಷ್ಟು ಹೊತ್ತಿನಲ್ಲಿ ಆ ವ್ಯಕ್ತಿಗೆ ತಿಳಿಸುತ್ತಾರೆ? ಯಾರೂ ಗಮನಿಸುವುದಿಲ್ಲವಾದರೆ ಒಪ್ಪಿಗೆ ಪತ್ರದಲ್ಲಿ ಅದನ್ನು ಸರಳ ಕನ್ನಡದಲ್ಲಿ, ಅಥವಾ ಆ ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿ, ಮೊದಲೇ ಹೇಳಿರಬೇಕು.