ಉಯ್ಯಂಬಳ್ಳಿಯ ಗಬ್ಬದ ಕಡಸು: ಹಿಂಡಿ ಯಾವಾಗಿಂದ?

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಹೋಬಳಿ ರಾಗಿಯ ಸೀಮೆ. ಇಂಥ ಕಡೆ ಒಣಮೇವೆಂದರೆ ರಾಗಿಹುಲ್ಲು. ಹಿಂಡಿ, ಬೂಸ, ಪಶು ಆಹಾರಕ್ಕೆ ಕೈಯಿಂದ ದುಡ್ಡು ಹಾಕಬೇಕಾದ್ದರಿಂದ ಅವು ಕರೆಯುವ ಹಸುವಿನ ಪಾಲಾಗುತ್ತವೆ. ಡೈರಿಯ ಬಟವಾಡೆ ಹಾಲಿಗೆ ಬರುವುದೇ ಹೊರತು ಗಬ್ಬಕ್ಕಲ್ಲವಲ್ಲ! ಹೀಗೆ ಸೀಮೆಹಸುವಿನ ಚೊಚ್ಚಲು ಕಡಸು ಈಯುವ ತನಕ ಹುಲ್ಲಿನ ಮೇಲೇ ಉಳಿಯುವುದುಂಟು.

ಗಬ್ಬದ ಕೊನೆಯ ತಿಂಗಳುಗಳಲ್ಲಿ ಅದು ಹೊಟ್ಟೆಯ ಕರುವನ್ನೂ ಕೆಚ್ಚಲನ್ನೂ ಬೆಳೆಸಬೇಕು; ಜೊತೆಗೆ ತನ್ನ ಮೈಯೂ ಇನ್ನೂ ಬೆಳೆಯುತ್ತಿರುತ್ತದೆ. ಹಲವು ಸೂಲು ಕಂಡ ಹಸುವಿಗೆ ಮೈ ಬೆಳೆಸುವ ಈ ಹೊರೆ ಹೆಚ್ಚಿರುವುದಿಲ್ಲ. ಅಮೆರಿಕದಲ್ಲಿ ಸ್ಯಾಂಟೋಸ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಈಯುವ ಮುನ್ನ ಮೇವಿನ ಕಚ್ಚಾ ಪ್ರೋಟೀನನ್ನು ಶೇ. 12.7ರಿಂದ 14.7ಕ್ಕೆ ಏರಿಸಿದಾಗ ಚೊಚ್ಚಲು ಕಡಸುಗಳ ಹಾಲು ಹೆಚ್ಚಿತು, ದೊಡ್ಡ ಹಸುಗಳದ್ದು ಹೆಚ್ಚಲಿಲ್ಲ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ಹುಸ್ನೈನ್ ಮತ್ತು ಸ್ಯಾಂಟೋಸ್ 2019ರಲ್ಲಿ ಮಾಡಿದ ವಿಶ್ಲೇಷಣೆಯೂ ಇದೇ ಕಡೆ ವಾಲುತ್ತದೆ.

ಆದರೆ ಈ ಅಂಕಿಗಳನ್ನು ನಮ್ಮ ಕೊಟ್ಟಿಗೆಗೆ ಹಾಗೇ ತರುವಂತಿಲ್ಲ. ಅಲ್ಲಿನ ಕಡಿಮೆ ಮಟ್ಟವೇ ನಮಗೆ ಹೆಚ್ಚಿನದು. 350 ಕಿಲೋ ತೂಕದ ಕಡಸು ದಿನಕ್ಕೆ 7 ಕಿಲೋ ಒಣಪದಾರ್ಥ ತಿನ್ನುತ್ತದೆ ಎನ್ನೋಣ. ಶೇ. 14ರ ಲೆಕ್ಕದಲ್ಲಿ ಅದಕ್ಕೆ 980 ಗ್ರಾಂ ಪ್ರೋಟೀನ್ ಬೇಕು. ರಾಗಿಹುಲ್ಲಿನಲ್ಲಿರುವುದು ಶೇ. 3–4, ಬರೀ ಹುಲ್ಲೇ ಆದರೆ ಸಿಗುವುದು ಸುಮಾರು 250 ಗ್ರಾಂ. ವಾಸ್ತವದಲ್ಲಿ ಅಷ್ಟೂ ಸಿಗದು: ಸಾರಜನಕ ಸಾಲದೆ ಮೆಲುಕುಚೀಲದ ಸೂಕ್ಷ್ಮಜೀವಿಗಳು ಸೊರಗಿದರೆ ನಾರು ಕರಗದು, ಕಡಸು ತಿನ್ನುವುದೇ ಕಡಿಮೆಯಾಗುತ್ತದೆ. ಆದ್ದರಿಂದ ಇಲ್ಲಿನ ಮೊದಲ ಪ್ರಶ್ನೆ ಪ್ರೋಟೀನಿನ ನಾಜೂಕು ಬಗೆಗಳದ್ದಲ್ಲ, ಹುಲ್ಲು ಅರಗಿಸುವಷ್ಟಾದರೂ ಇದೆಯೇ ಎಂಬುದು.

ಒಂದು ಕಿಲೋ ಕಡಲೆಕಾಯಿ ಹಿಂಡಿ ಸುಮಾರು 400 ಗ್ರಾಂ ತುಂಬಿಕೊಡುತ್ತದೆ. ದುಬಾರಿಯೆನಿಸಿದರೆ ರೇಷ್ಮೆ ಇರುವ ಮನೆಯಲ್ಲಿ ಇನ್ನೊಂದು ದಾರಿಯಿದೆ: ಹಿಪ್ಪುನೇರಳೆ ಎಲೆಯ ಒಣಪದಾರ್ಥದಲ್ಲಿ ಸುಮಾರು ಐದನೇ ಒಂದು ಪಾಲು ಪ್ರೋಟೀನೇ. ಹುಳುವಿಗೆ ಹಾಕಿ ಮಿಕ್ಕ ಹಸಿ ಸೊಪ್ಪು ಐದು ಕಿಲೋ ಸಿಕ್ಕರೂ ಸುಮಾರು 250 ಗ್ರಾಂ ಪ್ರೋಟೀನ್ ಆಗುತ್ತದೆ. ಹುಳುವಿನ ಹಾಸಿಗೆಗೆ ಉದುರಿಸಿದ ಸುಣ್ಣ, ಸೋಂಕುನಿವಾರಕ ಪುಡಿ ಮೆತ್ತಿದ್ದನ್ನೂ ಬೂಷ್ಟು ಹಿಡಿದದ್ದನ್ನೂ ಮಾತ್ರ ಹಾಕಕೂಡದು.

ವಿದೇಶಿ ಪ್ರಯೋಗಗಳು ಬಹುಮಟ್ಟಿಗೆ ಈಯುವ ಮುಂಚಿನ ಕೆಲವೇ ವಾರಗಳನ್ನು ನೋಡಿದಂಥವು. ತಿಂಗಳುಗಟ್ಟಲೆ ಹುಲ್ಲಿನ ಮೇಲೇ ಬೆಳೆದ ಕಡಸಿಗೆ ಆ ಅವಧಿ ಸಾಲದೆಂಬುದು ನನ್ನ ಎಣಿಕೆ. ಗಬ್ಬದ ಏಳನೇ ತಿಂಗಳಿಂದಲೇ ಹಿಂಡಿಯನ್ನೋ ಸೊಪ್ಪನ್ನೋ ಶುರುಮಾಡಿ, ಎದೆಸುತ್ತಳತೆಯ ಟೇಪಿನಿಂದ ತಿಂಗಳಿಗೊಮ್ಮೆ ತೂಕ ಅಂದಾಜು ಮಾಡಿ ಬರೆದಿಡುವುದು ಒಳ್ಳೆಯದು.