ಓಡಿದವಳು

ವಿಜಯಪುರದ ಚರಿತ್ರೆಯನ್ನು ಓದುತ್ತ ಹೋದರೆ ಕುದುರೆ ಗೊರಸಿನ ಸದ್ದು ಸಾಕುಬೇಕಾಗುವಷ್ಟು ಕೇಳುತ್ತದೆ. ಬರಿಗಾಲಿನವರ ಸದ್ದು ಕೇಳಬೇಕಾದರೆ ಕಿವಿಯನ್ನು ತುಸು ಚುರುಕು ಮಾಡಿಕೊಳ್ಳಬೇಕು. ಹೆಂಗಸೊಬ್ಬಳು ಓಡಿದ ಸದ್ದಂತೂ ನನಗೆ ಕೇಳಿಸಿದ್ದು ಒಂದೇ ಕಡೆ. ಅದೂ ಊರ ಹೊರಗೆ, ಗೋರಿಗಳ ನಡುವೆ. ಅಲ್ಲಿಗೆ ಹೋಗುವ ಮುನ್ನ ದಾರಿಯ ಮಾತು ಸ್ವಲ್ಪ ಹೇಳಬೇಕು.

ಓಟವೆಂಬುದು ಹಿಂದೆ ಹೊಟ್ಟೆಪಾಡು. 1333ರಲ್ಲಿ ಭಾರತಕ್ಕೆ ಬಂದ ಇಬ್ನ್ ಬತೂತ ಇಲ್ಲಿಯ ಕಾಲಾಳು ಅಂಚೆಯನ್ನು ಕಂಡು ಬೆರಗಾಗಿದ್ದ. ಒಂದೊಂದು ಮೈಲಿಗೆ ಮೂರು ಠಾಣೆ. ಓಡುವವನ ಒಂದು ಕೈಯಲ್ಲಿ ಕಾಗದ, ಇನ್ನೊಂದು ಕೈಯಲ್ಲಿ ತಾಮ್ರದ ಗೆಜ್ಜೆ ಕಟ್ಟಿದ ಎರಡು ಮೊಳದ ಕೋಲು. ಗೆಜ್ಜೆಯ ಸದ್ದು ಕೇಳಿದೊಡನೆ ಮುಂದಿನ ಠಾಣೆಯವನು ಸೊಂಟ ಬಿಗಿದು ನಿಲ್ಲುತ್ತಿದ್ದ. ಕುದುರೆ ಅಂಚೆಗಿಂತ ಇದೇ ಬೇಗ ಎಂದು ಆತ ಬರೆದಿದ್ದಾನೆ. ಬ್ರಿಟಿಷರ ಕಾಲಕ್ಕೂ ಟಪಾಲಿನ ಓಟಗಾರರು ಗೆಜ್ಜೆಕೋಲು ಬಿಡಲಿಲ್ಲ. ಕಾಡಿನಲ್ಲಿ ಹಾವು, ಹುಲಿ ದೂರ ಸರಿಯಲೆಂದು.

ದೊಡ್ಡ ನೌಕರಿಯವರು ಮಾತ್ರ ಓಡುತ್ತಿರಲಿಲ್ಲ. ಅಕ್ಬರನ ಅಧಿಕಾರಿ ಅಸದ್ ಬೇಗ್ 1603-04ರಲ್ಲಿ ವಿಜಯಪುರಕ್ಕೆ ಬಂದದ್ದು ಸರಕಾರಿ ಕೆಲಸದ ಮೇಲೆಯೇ. ಅವನಿಗಿಂತ ಮೊದಲು ಬಂದ ರಾಯಭಾರಿ ಇಲ್ಲಿಯ ಉಪಚಾರಕ್ಕೆ ಮರುಳಾಗಿ ಹೊರಡುವ ಮಾತನ್ನೇ ಆಡಿರಲಿಲ್ಲ! ಅವನನ್ನು ಹೊರಡಿಸಬೇಕು, ಜೊತೆಗೆ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ಮದುವೆ ಮಾಡಿಕೊಡಲು ಕರೆದೊಯ್ಯಬೇಕು. ಅಸದ್ ಬೇಗ್ ಹಿಂದಿರುಗುವಾಗ ಇಲ್ಲಿಂದ ತಂಬಾಕನ್ನೂ ಒಯ್ದ. ಅಕ್ಬರ್ ಎರಡು ಮೂರು ದಮ್ಮು ಎಳೆದದ್ದು, ವೈದ್ಯ ಬೇಡವೆಂದದ್ದು, ಎಲ್ಲವೂ ದಾಖಲಾಗಿದೆ. ಆ ಹುಡುಗಿಗೆ 1604ರಲ್ಲಿ ಪೈಠಣದ ಹತ್ತಿರ ಮದುವೆಯಾಯಿತು. 1605ರಲ್ಲಿ ಗಂಡ ಕುಡಿತದಿಂದ ಸತ್ತ. ತಂಬಾಕಿಗೆ ಸಿಕ್ಕಷ್ಟು ಪುಟಗಳು ಅವಳಿಗೆ ಸಿಗಲಿಲ್ಲ.

ನನ್ನ ನೌಕರಿ ಅಷ್ಟು ದೊಡ್ಡದಲ್ಲ. ವರ್ಷಕ್ಕೆ ನಾಲ್ಕೈದು ಸಲ ವಿಜಯಪುರದಲ್ಲಿ ಎರಡು ಮೂರು ದಿನ ಉಳಿಯಬೇಕಾಗುತ್ತದೆ. ಬೆಳಿಗ್ಗೆ ಐದೂವರೆಗೆ ಲಾಡ್ಜಿನಿಂದ ಹೊರಬಿದ್ದು ಓಡುವುದು ನನ್ನ ರೂಢಿ. ಡಾಂಬರು ರಸ್ತೆಗಿಂತ ಹೊಲದ ಕಾಲುದಾರಿ ನನಗೆ ಹೆಚ್ಚು ಇಷ್ಟ. ಇಲ್ಲಿಯ ನೆಲದ ಸ್ವಭಾವ ಪಾದಕ್ಕೆ ತಿಳಿದಷ್ಟು ಕಣ್ಣಿಗೆ ತಿಳಿಯುವುದಿಲ್ಲ. ಬಬಲೇಶ್ವರದ ಕಡೆ ಹೊರಟರೆ ಸಾರವಾಡದ ಹತ್ತಿರ ಡೋಣಿ ನದಿ, ಎರಡೂ ದಂಡೆಗೆ ಕರಿ ಎರೆ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎನ್ನುವ ಮಾತು ಹುಟ್ಟಿದ ಮಣ್ಣು ಇದು. ಒಂದು ಮಳೆ ಬಿದ್ದರೆ ಸಾಕು, ಬೂಟಿಗೆ ಅಂಟಿಕೊಂಡು ಕಾಲು ರುಬ್ಬುಗುಂಡಿನಷ್ಟು ಭಾರ. ಪಡುವಣಕ್ಕೆ ತಿಕೋಟಾ ದಾರಿ ಹಿಡಿದರೆ ಬೇರೆಯೇ ಲೋಕ: ಕಲ್ಲು ಮಡ್ಡಿ, ಜಾಲಿ, ನಡುನಡುವೆ ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡುವ ಶೆಡ್ಡುಗಳು.

ಈ ಪಡುವಣ ದಿಕ್ಕಿನಲ್ಲೇ ತೊರವಿ. ಕುಮಾರ ವಾಲ್ಮೀಕಿ ರಾಮಾಯಣ ಬರೆದ ಊರು, ನರಸಿಂಹನ ಗುಡಿಯ ಊರು. ಇಬ್ರಾಹಿಂ 1599ರಲ್ಲಿ ಕಟ್ಟಲು ತೊಡಗಿದ ನವರಸಪುರದ ಮುರುಕು ಗೋಡೆಗಳು ಅಲ್ಲೇ ಪಕ್ಕದಲ್ಲಿ. 1624ರಲ್ಲಿ ಮಲಿಕ್ ಅಂಬರ್ ಅದನ್ನು ಹಾಳುಗೆಡವಿದ. ತೊರವಿಯಿಂದ ನಗರಕ್ಕೆ ನೆಲದೊಳಗೆ ಸುರಂಗ ಕೊರೆದು ನೀರು ತಂದಿದ್ದರು. ಸುರಂಗಕ್ಕೆ ಗಾಳಿ, ಬೆಳಕು ಬರಲೆಂದು ತೋಡಿದ ಬಾವಿಗಳು ಸಾಲಾಗಿ ಹೊಲಗಳ ನಡುವೆ ಸಾಗುತ್ತವೆ. ಓಡುವವಳು ಆ ದಾರಿಯಲ್ಲಿ ಕಣ್ಣು ನೆಲದ ಮೇಲಿಟ್ಟಿರಬೇಕು.

ಇದೇ ಸೀಮೆಯಲ್ಲಿದೆ ಸಾಠ್ ಕಬರ್, ಅರವತ್ತು ಗೋರಿ. ಎತ್ತರದ ಕಟ್ಟೆಯ ಮೇಲೆ ಕರಿಗಲ್ಲಿನ ಗೋರಿಗಳು ಹನ್ನೊಂದು ಸಾಲು. ಎಲ್ಲವೂ ಒಂದೇ ಅಳತೆ, ಒಂದೇ ಕೆತ್ತನೆ. ಗೋರಿಯ ನೆತ್ತಿ ಚಪ್ಪಟೆಯಾಗಿದ್ದರೆ ಒಳಗಿರುವುದು ಹೆಣ್ಣು. ಇಲ್ಲಿ ಎಲ್ಲವೂ ಚಪ್ಪಟೆ. ಎಣಿಸಿದರೆ ಅರವತ್ತಮೂರು, ಜೊತೆಗೊಂದು ತೆರೆದ ಖಾಲಿ ಕುಳಿ.

ಜನ ಹೇಳುವ ಕಥೆ ನಿಮಗೂ ಗೊತ್ತಿರಬಹುದು. 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೊರಟ ಅಫ್ಜಲ್‌ಖಾನನಿಗೆ, ನೀನು ಜೀವಂತ ಮರಳುವುದಿಲ್ಲ ಎಂದು ಜೋತಿಷಿಗಳು ಹೇಳಿದರಂತೆ. ತಾನಿಲ್ಲದ ಮೇಲೆ ಹೆಂಡಂದಿರು ಇನ್ನೊಬ್ಬರ ಕೈಸೇರಬಾರದೆಂದು ಅವನು ಅವರನ್ನೆಲ್ಲ ಬಾವಿಗೆ ನೂಕಿಸಿದನಂತೆ. ಒಬ್ಬಳು ಮಾತ್ರ ತಪ್ಪಿಸಿಕೊಂಡು ಓಡಿದಳಂತೆ. ಹಿಡಿದು ತಂದು ಕೊಂದರು ಎನ್ನುವವರು ಕೆಲವರು. ಸಿಗಲೇ ಇಲ್ಲ, ಖಾಲಿ ಕುಳಿ ಅವಳಿಗೆಂದೇ ತೋಡಿದ್ದು ಎನ್ನುವವರು ಕೆಲವರು. ಖಾನನಂತೂ ಅದೇ ವರ್ಷ ನವೆಂಬರ್ 10ರಂದು ಪ್ರತಾಪಗಡದ ಬುಡದಲ್ಲಿ ಸತ್ತ; ಅವನ ಗೋರಿಯೂ ಅಲ್ಲೇ ಆಯಿತು. ತನಗೆಂದು ಇಲ್ಲಿ ಕಟ್ಟಿಸುತ್ತಿದ್ದ ಗೋರಿಮನೆ ಅರ್ಧಕ್ಕೆ ನಿಂತಿತು. ಅದರ ಪಕ್ಕದ ಮಸೀದಿಗೆ ಎರಡು ಅಂತಸ್ತು. ಮೇಲಿನದು ಜನಾನಾದವರಿಗೆಂದು ಹೇಳುತ್ತಾರೆ.

ಈ ಕಥೆಯನ್ನು ನಾನು ಪೂರ್ತಿ ನಂಬುವುದಿಲ್ಲ. ದಂಡು ಹೊರಡುವ ಗಡಿಬಿಡಿಯಲ್ಲಿ ಅರವತ್ತಮೂರು ಗೋರಿಗೆ ಇಷ್ಟು ನಯವಾಗಿ ಕಲ್ಲು ಕೆತ್ತಿಸಲು ಪುರುಸೊತ್ತೆಲ್ಲಿ? ಒಂದು ದೊಡ್ಡ ಮನೆತನದ ಹೆಂಗಸರನ್ನು ಬೇರೆ ಬೇರೆ ಕಾಲದಲ್ಲಿ ಮಣ್ಣು ಮಾಡಿದ ಜಾಗವೂ ಆಗಿರಬಹುದು. ಆದರೆ ಊರಿನ ಜನ ಮುನ್ನೂರು ವರ್ಷ ಅರವತ್ತಮೂರು ಜನರ ಸಾವನ್ನು ಹೇಳುತ್ತ ಬಂದರೂ ಓಡಿದ ಒಬ್ಬಳನ್ನು ಕಥೆಯಿಂದ ಕೈಬಿಡಲಿಲ್ಲ. ಅವಳ ಹೆಸರು ಯಾರಿಗೂ ಬೇಕಾಗಲಿಲ್ಲ, ಓಟ ಬೇಕಾಯಿತು. ನನ್ನನ್ನು ಕಾಡುವುದು ಅದು.

ಒಂದು ಬೆಳಿಗ್ಗೆ ತೊರವಿಯ ಆಚೆ ಎಮ್ಮೆ ಹೊಡೆದುಕೊಂಡು ಹೊರಟಿದ್ದ ಮುದುಕಿಯೊಬ್ಬಳು ನನ್ನನ್ನು ತಡೆದು ನಿಲ್ಲಿಸಿದಳು. “ಯಾಕ ತಂಗಿ, ಯಾರರ ಬೆನ್ನ ಹತ್ಯಾರೇನ?”

“ಇಲ್ಲ ಯಮ್ಮಾ, ಸುಮ್ಮನ ಓಡಾಕತ್ತೀನಿ.”

“ಸುಮ್ಮನ ಯಾರರ ಓಡತಾರೇನವಾ?” ಎಂದು ಹಿಂದಿನ ದಾರಿಯನ್ನೊಮ್ಮೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ನನ್ನನ್ನು ಬಿಟ್ಟಳು.

ಇದೇ ಸೀಮೆಯ ಹೆಂಗಸರು ಯುಗಾದಿಯ ಮುಂದೆ ಕಂಬಿಯ ಜೊತೆ ಶ್ರೀಶೈಲಕ್ಕೆ ನಡೆದೇ ಹೋಗುತ್ತಾರೆ. ಆತ್ಮಕೂರಿನಿಂದಾಚೆ ನಲ್ಲಮಲದ ಕಾಡು, ಭೀಮನ ಕೊಳ್ಳದ ಇಳಿತ, ಏರು, ಪಾದದ ತುಂಬ ಬೊಬ್ಬೆ. ಯಾರ ಬೆನ್ನ ಹತ್ಯಾರೆ ಎಂದು ಅವರನ್ನು ಯಾರೂ ಕೇಳುವುದಿಲ್ಲ. ದಾರಿಯುದ್ದಕ್ಕೂ ನೀರು, ಮಜ್ಜಿಗೆ, ಊಟ ಕೊಡುತ್ತಾರೆ. ಮಲ್ಲಯ್ಯನ ಹೆಸರಿದ್ದರೆ ಹೆಣ್ಣಿಗೆ ಕಾಡೂ ಮನೆಯಂಗಳ. ತನ್ನ ಸಲುವಾಗಿ ಹೊರಟರೆ ಊರ ಹೊರಗಿನ ಹೊಲವೂ ಕಾಡು.

ಬೇರೆ ದೇಶಗಳಲ್ಲೂ ಕಥೆ ಬಹಳ ಬೇರೆಯಿರಲಿಲ್ಲ. 1967ರ ಬೋಸ್ಟನ್ ಮ್ಯಾರಥಾನಿನಲ್ಲಿ ಕ್ಯಾಥರಿನ್ ಸ್ವಿಟ್ಜರ್ ಓಡುತ್ತಿದ್ದಾಗ ಅಧಿಕಾರಿಯೊಬ್ಬ ನಿಜವಾಗಿಯೂ ಬೆನ್ನುಹತ್ತಿ ಅವಳನ್ನು ಹೊರಗೆಳೆಯಲು ನೋಡಿದ. ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಮ್ಯಾರಥಾನ್ ಇಟ್ಟದ್ದು 1984ರಲ್ಲಿ. ವಿಜಯಪುರದಲ್ಲಿಯೂ ಈಗ ವೃಕ್ಷಥಾನ್ ಓಟ ನಡೆಯುತ್ತದೆ. 2023ರ ಡಿಸೆಂಬರಿನಲ್ಲಿ ನಡೆದಾಗ ಹುಡುಗಿಯರು, ಗೃಹಿಣಿಯರು ಎದೆಗೆ ನಂಬರು ಚುಚ್ಚಿಕೊಂಡು ನಡುರಸ್ತೆಯಲ್ಲೇ ಓಡಿದರು. ಎದೆಯ ಮೇಲಿನ ನಂಬರು ಮಲ್ಲಯ್ಯನ ಹೆಸರಿನಷ್ಟೇ ಕೆಲಸ ಮಾಡುತ್ತದೆ. ನಂಬರಿಲ್ಲದ ದಿನಗಳ ಮಾತು ಬೇರೆ.

ಸಾಠ್ ಕಬರ್ ನೋಡಬೇಕೆನ್ನುವವರು ಬಿಸಿಲೇರುವ ಮುನ್ನ ಹೋಗಿ. ನೀರು ಒಯ್ಯಿರಿ, ಜೊತೆಗೊಬ್ಬ ಗೆಳತಿಯಿರಲಿ. ಸಾಲುಗಳನ್ನು ಒಂದೊಂದಾಗಿ ಎಣಿಸುತ್ತ ಹೋಗಿ. ತೆರೆದ ಕುಳಿಯಲ್ಲಿ ಗಾಳಿ ತಂದ ಎಲೆ, ಮಣ್ಣು ಬಿಟ್ಟರೆ ಏನೂ ಇಲ್ಲ. ಅಲ್ಲಿ ನಿಂತು ನೋಡಿದರೆ ನಾಲ್ಕೂ ಕಡೆ ಬಯಲು. ಓಡಿದವಳು ಯಾವ ಕಡೆ ಓಡಿರಬಹುದೆಂದು ನಾನು ಪ್ರತಿ ಸಲ ನೋಡುತ್ತೇನೆ. ಮರೆಯಾಗಲು ತಿಕೋಟಾದ ತನಕ ಒಂದು ಗುಡ್ಡವೂ ಕಾಣುವುದಿಲ್ಲ.